ಹೊಂಡದ ಒಡೆಯರಾರು?

ಡಾಂಬರಿನ ಬಿರುಕಿನಲ್ಲಿ ಇಳಿದ ಮಳೆನೀರು ಅಡಿಯ ಜಲ್ಲಿಯನ್ನು ಸಡಿಲಿಸುತ್ತದೆ. ಮೇಲೆ ಲಾರಿಗಳು ಹಾಯ್ದಂತೆ ಹೊಂಡವಾಗುತ್ತದೆ. ಚರಂಡಿ ಸರಿಯಿಲ್ಲದೆಡೆ ಎಷ್ಟು ಸಲ ಮುಚ್ಚಿದರೂ ವ್ಯರ್ಥವೇ.

2018ರ ಜುಲೈಯಲ್ಲಿ ಕಲ್ಯಾಣದ ಶಿವಾಜಿ ಚೌಕದಲ್ಲಿ ಇಂಥ ಹೊಂಡದಿಂದಾಗಿ ದ್ವಿಚಕ್ರ ವಾಹನದಿಂದ ಬಿದ್ದ ಮಹಿಳೆಯೊಬ್ಬರು ಬಸ್ಸಿನ ಗಾಲಿಗೆ ಬಲಿಯಾದರು. ಠಾಣೆ ಜಿಲ್ಲೆಯ ರಸ್ತೆಗಳಿಗೋ ಪಾಲಿಕೆ, ಲೋಕೋಪಯೋಗಿ ಇಲಾಖೆ, ಎಂ.ಎಂ.ಆರ್.ಡಿ.ಎ. ಎಂದು ಒಡೆಯರು ಹಲವರು. ದೂರು ಕೊಟ್ಟವನು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

2025ರ ಅಕ್ಟೋಬರದಲ್ಲಿ ಮುಂಬಯಿ ಹೈಕೋರ್ಟು ಇವರೆಲ್ಲರನ್ನೂ ಹೊಣೆಗಾರರನ್ನಾಗಿಸಿತು: ಗಮನಕ್ಕೆ ತಂದ 48 ಗಂಟೆಗಳೊಳಗೆ ದುರಸ್ತಿ, ಮೃತರ ಕುಟುಂಬಕ್ಕೆ 6 ಲಕ್ಷ, ಗಾಯಾಳುಗಳಿಗೆ 50,000ದಿಂದ 2.5 ಲಕ್ಷ ರೂಪಾಯಿ ಪರಿಹಾರ. ಆ ಹಣ ತಪ್ಪಿತಸ್ಥ ಅಧಿಕಾರಿ, ಗುತ್ತಿಗೆದಾರರಿಂದ ವಸೂಲಿ.

ಗಂಟೆಯ ಎಣಿಕೆ ದೂರಿನಿಂದಲೇ ಆರಂಭವಾಗತಕ್ಕದ್ದು. ಆದ್ದರಿಂದ ನಮ್ಮವರು, ಮರಾಠಿ ಬರೆಯಬಾರದೆಂಬ ಸಂಕೋಚವಿದ್ದರೆ ನೆರೆಯವರಿಂದ ಬರೆಯಿಸಿಯಾದರೂ, ತಾರೀಖು ಹಾಕಿದ ಸ್ವೀಕೃತಿಪತ್ರವನ್ನು ಪಡೆದಿಟ್ಟುಕೊಳ್ಳಲಿ.