1824: ಒಂದೇ ಗೋಡೆ, ಮೂರು ಗೆಲುವು

1824ರ ಪ್ಯಾರಿಸ್ಸಿನ ಚಿತ್ರಪ್ರದರ್ಶನವಾದ ಸಲೋನ್‌ನಲ್ಲಿ ರಮ್ಯಪಂಥ ಗೆದ್ದು ಶಾಸ್ತ್ರೀಯ ಪಂಥ ಮಣ್ಣುಮುಕ್ಕಿತು ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಹಾಗಾದರೆ ಶಾಸ್ತ್ರೀಯ ಪಂಥದ ಚಿತ್ರಕಾರ ಆಂಗ್ರನನ್ನು ಎಲ್ಲಿಡುವುದು? ರಫೇಲನ ಜಾಡಿನಲ್ಲೇ ಮೇರಿಮಾತೆಯನ್ನು ಬರೆದ ಅವನ ‘ಹದಿಮೂರನೇ ಲೂಯಿಯ ಹರಕೆ’ಗೆ ಅಲ್ಲೇ ಜೈಕಾರ ಬಿತ್ತು, 1825ರ ಜನವರಿಯಲ್ಲಿ ದೊರೆ ಹತ್ತನೇ ಚಾರ್ಲ್ಸ್‌ನಿಂದ ಲೀಜನ್ ಆಫ್ ಆನರ್ ಗೌರವವೂ ಬಂತು.

ಅದೇ ಸಲೋನಿನಲ್ಲಿ ರಮ್ಯಪಂಥದ ದೆಲಕ್ರಾನ ‘ಕಿಯೋಸ್ ಹತ್ಯಾಕಾಂಡ’ ಬೈಗುಳ ತಿಂದದ್ದು ನಿಜ. ಸತ್ತ ತಾಯಿಯ ಎದೆಯನ್ನು ಕೂಸು ತಡಕಾಡುವ ಆ ಬಲಮೂಲೆಯನ್ನು ಇಂದಿಗೂ ಸಲೀಸಾಗಿ ನೋಡಲಾಗದು. ಆದರೂ ಅದನ್ನು ಕೊಂಡದ್ದು ಸರ್ಕಾರವೇ. ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್‌ನ ‘ಹುಲ್ಲಿನ ಬಂಡಿ’ಯೋ, 1821ರಲ್ಲಿ ಲಂಡನ್ನಿನಲ್ಲಿ ಕೊಳ್ಳುವವರಿಲ್ಲದೆ ಉಳಿದ ಚಿತ್ರ, ಪ್ಯಾರಿಸ್ಸಿನಲ್ಲಿ ಅದಕ್ಕೆ ಚಿನ್ನದ ಪದಕ. ಸೋತವರು ಯಾರು ಸ್ವಾಮಿ? ಪಂಥಗಳ ಹಣೆಪಟ್ಟಿ ಅಂಟಿಸುವ ಮೊದಲು ಲೇಖಕರು ಚಿತ್ರಗಳನ್ನಾದರೂ ನೋಡಬೇಕಿತ್ತು.