ಗೃಹಾರೋಗ್ಯ: ರಕ್ತಪರೀಕ್ಷೆಗೆ ಮುನ್ನ ಅರಿಯತಕ್ಕ ಸಂಗತಿಗಳು

ತಕ್ಕಡಿಯು ಎಷ್ಟೇ ನಿಷ್ಕೃಷ್ಟವಾಗಿದ್ದರೂ ಅದರಲ್ಲಿಟ್ಟ ಅಡಿಕೆಯು ಹಸಿಯಾಗಿದ್ದರೆ ತೂಕವು ಮೋಸಮಾಡುವುದೆಂಬುದನ್ನು ತೋಟಗಾರರಿಗೆ ನಾವು ಹೇಳಬೇಕಾದುದಿಲ್ಲ. ರಕ್ತಪರೀಕ್ಷೆಯ ಮಾತೂ ಹಾಗೆಯೇ. ಪ್ರಯೋಗಶಾಲೆಯ ಯಂತ್ರವು ತನ್ನೆದುರಿಗೆ ಬಂದ ನೆತ್ತರನ್ನು ಅಳೆಯಬಲ್ಲದೇ ಹೊರತು ಅದಕ್ಕೆ ಮೊದಲು ನಡೆದುದನ್ನು ಅರಿಯಲಾರದು. ಪರೀಕ್ಷೆಗಳಲ್ಲಿ ಸಂಭವಿಸುವ ತಪ್ಪುಗಳ ಪೈಕಿ ಹೆಚ್ಚಿನವು ಯಂತ್ರವನ್ನು ಮುಟ್ಟುವ ಮೊದಲೇ ಆಗುತ್ತವೆಂದು ಬಲ್ಲವರು ಕಂಡುಕೊಂಡಿದ್ದಾರೆ.

ಚಾರ್ಮಾಡಿ ಘಾಟಿಯ ತಪ್ಪಲಿನ ಮುಂಡಾಜೆಯವರು ಉಜಿರೆಗೋ ಬೆಳ್ತಂಗಡಿಗೋ ಹೊರಡುವ ಹಿಂದಿನ ರಾತ್ರಿಯೇ ಪರೀಕ್ಷೆಯು ಆರಂಭವಾಯಿತೆಂದು ತಿಳಿಯತಕ್ಕದ್ದು. ಬರಿಹೊಟ್ಟೆಯ ಸಕ್ಕರೆಯ ಪರೀಕ್ಷೆಗೆ ಕಡಿಮೆಯೆಂದರೆ 8 ತಾಸುಗಳ ಉಪವಾಸ ಬೇಕು. ಬರಿಹೊಟ್ಟೆಯೆಂದರೆ ಬರಿಯ ನೀರು ಮಾತ್ರ; ಅದನ್ನು ಧಾರಾಳವಾಗಿ ಕುಡಿಯಬಹುದು. ಕಾಫಿ, ಬೆಲ್ಲದ ಕಷಾಯ, ವೀಳ್ಯ ಇವೆಲ್ಲವೂ ಉಪವಾಸವನ್ನು ಕೆಡಿಸುತ್ತವೆ. ದಾರಿಯಲ್ಲಿ ನೆಂಟರ ಮನೆಯನ್ನು ಹೊಕ್ಕು, ಅವರಿತ್ತ ಬೆಲ್ಲ–ನೀರನ್ನು ದಾಕ್ಷಿಣ್ಯಕ್ಕಾಗಿ ಸೇವಿಸುವುದೂ ಸಲ್ಲದು. ಊಟದ ಬಳಿಕದ ಪರೀಕ್ಷೆಯಾದರೆ ಮೊದಲ ತುತ್ತಿನಿಂದ 2 ತಾಸು ಎಣಿಸಬೇಕು, ಕೈತೊಳೆದಲ್ಲಿಂದಲ್ಲ. ಆ ದಿನ ಎಂದಿನ ಊಟವನ್ನೇ ಉಣ್ಣಬೇಕು. ಫಲಿತಾಂಶವು ಚೆನ್ನಾಗಿ ಬರಲೆಂದು ಅರೆಹೊಟ್ಟೆ ಗಂಜಿಯುಂಡರೆ ವೈದ್ಯರನ್ನಲ್ಲ, ತಮ್ಮನ್ನೇ ವಂಚಿಸಿಕೊಂಡಂತಾಯಿತು.

ನಿತ್ಯದ ಔಷಧಗಳನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿಕೊಳ್ಳಬೇಕು. ಥೈರಾಯ್ಡ್ ಮಾತ್ರೆಯನ್ನು ಸಾಧಾರಣವಾಗಿ ನೆತ್ತರು ಕೊಟ್ಟ ಮೇಲೆ ನುಂಗುವುದು ವಾಡಿಕೆ. ಕೂದಲು ಬೆಳೆಯಲೆಂದು ಸೇವಿಸುವ ಬಯೋಟಿನ್ ಮಾತ್ರೆಯು ಥೈರಾಯ್ಡ್ ಪರೀಕ್ಷೆಯನ್ನೇ ದಾರಿತಪ್ಪಿಸಬಲ್ಲದು. ಆದುದರಿಂದ ಅದನ್ನು ಮರೆಮಾಡದೆ ತಿಳಿಸಬೇಕು. ಗುಡ್ಡವೇರಿ ಬೆವರುತ್ತ ಬಂದೊಡನೆ ತೋಳನ್ನು ಚಾಚದೆ ಹತ್ತು ನಿಮಿಷ ಕುಳಿತು ದಣಿವಾರಿಸಿಕೊಳ್ಳುವುದು ಮೇಲು. ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡುತ್ತಿದ್ದರೆ ಪೊಟ್ಯಾಸಿಯಮ್ಮಿನ ಅಂಕೆಯು ಸುಳ್ಳಾಗಿ ಏರುತ್ತದೆ. ತೋಳಿನ ಪಟ್ಟಿಯು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಲಾಗದು. ಗ್ಲೂಕೋಸ್ ಏರಿಸುತ್ತಿರುವ ಕೈಯಿಂದ ರಕ್ತವನ್ನು ತೆಗೆಯಲಾಗದು.

ಇನ್ನು ತೆಗೆದ ನೆತ್ತರಿನ ವಿಚಾರ. ಅದು ಕೊಳವೆಯೊಳಗೂ ಜೀವಂತವಾಗಿಯೇ ಇದ್ದು ತನ್ನ ಸಕ್ಕರೆಯನ್ನು ತಾನೇ ತಿನ್ನುತ್ತಿರುತ್ತದೆ. ಸಾದಾ ಕೊಳವೆಯಲ್ಲಿ ಹಾಗೆಯೇ ಬಿಟ್ಟರೆ ತಾಸಿಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆಯು ಇಳಿಯುವುದು. 130 ಇದ್ದುದು ಮೂರು ತಾಸಿನ ತರುವಾಯ 110ರ ಆಸುಪಾಸಿಗೆ ಬಂದು ನಿಲ್ಲಬಹುದು. ಬರಿಹೊಟ್ಟೆಯಲ್ಲಿ 126 ಮುಟ್ಟಿದರೆ ಮಧುಮೇಹದ ಗುರುತು. ಹೀಗಾಗಿ ರೋಗಿಯು ತಾನು ನಿರೋಗಿಯೆಂದು ನೆಮ್ಮದಿಯಿಂದ ಮನೆಗೆ ಮರಳುವನು, ಒಳಗೆ ರೋಗವು ಬೇರೂರುತ್ತಿರುವುದು! ಇದನ್ನು ತಡೆಯಲೆಂದೇ ಬೂದುಬಣ್ಣದ ಮುಚ್ಚಳದ ಕೊಳವೆಯಲ್ಲಿ ಫ್ಲೋರೈಡ್ ಇರುವುದು. ಅದೂ ಪೂರ್ತಿ ಕೆಲಸಮಾಡಲು ತಾಸೆರಡು ತಾಸು ಬೇಕಾದುದರಿಂದ ಬೇಗನೆ ತಲುಪಿಸುವುದೇ ಉತ್ತಮ. ಮದ್ದು ಬೆರೆಸಿದ ಕೊಳವೆಗಳನ್ನು ಮೆಲ್ಲನೆ ಎಂಟು–ಹತ್ತು ಸಲ ಬೋರಲುಮಾಡಬೇಕು. ಮಜ್ಜಿಗೆ ಕಡೆದಂತೆ ಕುಲುಕಿದರೆ ಕೆಂಪುಕಣಗಳೊಡೆದು ಪೊಟ್ಯಾಸಿಯಮ್ ಹೊರಸೂಸುವುದು. ಘಾಟಿಯ ತಿರುವುಗಳಲ್ಲಿ ಕೊಳವೆಗಳು ನೆಟ್ಟಗೆ ನಿಂತು ಸಾಗುವಂತೆಯೂ ಬಿಸಿಲು ತಗಲದಂತೆಯೂ ನೋಡಿಕೊಳ್ಳಬೇಕು. ಹಾಗೆಂದು ನೆತ್ತರನ್ನು ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಹೆಪ್ಪುಗಟ್ಟಿಸಿದರೂ ಕಣಗಳು ಒಡೆಯುವುವು.

ಜ್ವರದಲ್ಲಿ ತಾರೀಖು ಮುಖ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿಯೂ ಹಾವಳಿಯೆಬ್ಬಿಸಿತ್ತು. ಇಂತಹ ಜ್ವರಗಳಲ್ಲಿ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವನ್ನೇ ಹುಡುಕುವರು. ತರುವಾಯ ಅದನ್ನೆದುರಿಸಲು ದೇಹವು ಹುಟ್ಟಿಸಿದ ಪ್ರತಿಕಾಯವನ್ನು ಹುಡುಕುವರು. ಜ್ವರ ಬಂದ ದಿನವನ್ನು ತಪ್ಪಾಗಿ ಹೇಳಿದರೆ, ಇಲ್ಲದುದನ್ನು ಅರಸಿ ಇದ್ದುದನ್ನು ಕೈಬಿಟ್ಟಂತಾಗುವುದು.

ಕಡೆಯದಾಗಿ, ಕೊಳವೆಯ ಮೇಲೆ ಹೆಸರು, ವಯಸ್ಸು, ಹೊತ್ತು ಇವನ್ನು ರೋಗಿಯೆದುರಿಗೇ ಬರೆಯಿಸಿಕೊಳ್ಳಬೇಕು. ಒಂದೇ ಹೆಸರಿನವರು ಇಬ್ಬರಿರುವ ಊರುಗಳಲ್ಲಿ ಮನೆಯ ಹೆಸರನ್ನೂ ಸೇರಿಸುವುದು ಕ್ಷೇಮಕರ. ಫಲಿತಾಂಶವು ದೇಹಸ್ಥಿತಿಗೆ ಹೊಂದದೆ ತೋರಿದರೆ ಮದ್ದನ್ನು ಬದಲಾಯಿಸುವ ಮುನ್ನ ಇನ್ನೊಮ್ಮೆ ಪರೀಕ್ಷಿಸಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕೆಂದು ನಮ್ಮ ವಾಚಕರಲ್ಲಿ ಅರಿಕೆಮಾಡುತ್ತೇವೆ.