ಉರು ಹೊಡೆದ ಬೆರಳು

ಮಗ್ಗಿ ಬಾಯಿಪಾಠ ಹಳೇ ಕಾಲದ್ದು ಎಂದು ಮೂಗು ಮುರಿಯುವ ಜಯನಗರ, ಜೆ.ಪಿ. ನಗರದ ಅಪ್ಪ-ಅಮ್ಮಂದಿರೇ ಮಕ್ಕಳನ್ನು ರೂಬಿಕ್ಸ್ ಕ್ಯೂಬ್ ಕ್ಲಾಸಿಗೆ ಸೇರಿಸಿ ಸೂತ್ರ ಉರು ಹೊಡೆಸುತ್ತಾರೆ. ಮೆದುಳು ಚುರುಕಾಗುತ್ತದಂತೆ! ವೇಗಕ್ಕೆ ಹೆಸರಾದ ಫ್ರಿಡ್ರಿಕ್ ವಿಧಾನದಲ್ಲಿ ಕೊನೆಯ ಪದರವೊಂದಕ್ಕೇ 57 ಮತ್ತು 21, ಒಟ್ಟು 78 ಸೂತ್ರಗಳಿರುವುದು ನಿಜ. ಆದರೆ ಅದಕ್ಕೆ ಮುಂಚೆ ಎರಡು ಪದರಗಳಿವೆಯಲ್ಲ? ಮೂಲೆಯ ತುಂಡಿಗೆ ಅಂಚಿನ ತುಂಡನ್ನು ಜೋಡಿ ಮಾಡಿ ಕೂರಿಸುವ ಆ ಕೆಲಸಕ್ಕೆ ಸೂತ್ರಕ್ಕಿಂತ ಕಣ್ಣು ಮುಖ್ಯ. ಕೈ ನಿಲ್ಲಿಸಿ ಮುಂದಿನ ತುಂಡು ಹುಡುಕುವಾಗಲೇ ಸೆಕೆಂಡುಗಳು ಸೋರಿಹೋಗುವುದು. 1974ರಲ್ಲಿ ಕ್ಯೂಬ್ ಕಂಡುಹಿಡಿದ ಎರ್ನೊ ರೂಬಿಕ್ ಅದನ್ನು ಬಿಡಿಸಲು ತಾನೇ ಸುಮಾರು ಒಂದು ತಿಂಗಳು ತಿಣುಕಿದ್ದ. ಸೂತ್ರದ ಹಾಳೆ ಆಮೇಲೆ ಕೊಡಿ. ಮೊದಲು ಮಗು ಎರಡು ಪದರಗಳನ್ನು ತಾನಾಗಿಯೇ ಕೂರಿಸಲಿ. ಅದಕ್ಕೆ ಇಡೀ ಬೇಸಿಗೆ ರಜೆ ಹೋದರೂ ಹೋಗಲಿ.